ಯಾರ ಬಾಗಿಲು ತಟ್ಟುವುದು? ಮುಂಬೈಯ ಕನ್ನಡ ಸಂಘಗಳಿಗೆ ಹಾಲ್, ಮೈದಾನ, ಅನುದಾನದ ಹೋಲಿಕೆ

"ಪಾಲಿಕೆಯಿಂದ ಏನಾದ್ರೂ ಸಿಗುತ್ತಾ?" ಮುಂಬೈಯ ಯಾವುದೇ ಕನ್ನಡ ಸಂಘದ ಸಮಿತಿಗೆ ಹೊಸಬರು ಬಂದರೆ ಮೊದಲ ಮೀಟಿಂಗ್‌ನಲ್ಲೇ ಈ ಪ್ರಶ್ನೆ ಏಳುತ್ತದೆ. ನ್ಯಾಯವಾದ ಪ್ರಶ್ನೆಯೇ. ಬೃಹನ್ಮುಂಬೈ ಮಹಾನಗರ ಪಾಲಿಕೆಯ 2025-26ರ ಬಜೆಟ್ 74 ಸಾವಿರ ಕೋಟಿ ರೂಪಾಯಿಗೂ ಜಾಸ್ತಿ. ಅದರಲ್ಲಿ ನಮ್ಮ ಯಕ್ಷಗಾನಕ್ಕೆ, ಮಕ್ಕಳ ಕ್ರೀಡಾಕೂಟಕ್ಕೆ ಒಂದೆರಡು ಲಕ್ಷ ಕೊಟ್ಟರೆ ಅವರ ಗಂಟೇನು ಹೋಗುತ್ತದೆ, ಅಲ್ವಾ?

ಆದರೆ ಪಾಲಿಕೆಯ ಲೆಕ್ಕ ಬೇರೆ. ಅದು ಜಾಗ ಕೊಡುತ್ತದೆ. ಕೈಗೆ ದುಡ್ಡು ಕೊಡುವುದು ತೀರಾ ಅಪರೂಪ. ನಾಟ್ಯಗೃಹ, ಮೈದಾನ, ಈಜುಕೊಳ, ಉದ್ಯಾನ, ಸಮಾಜ ಮಂದಿರ ಇವೆಲ್ಲ ಅದರ ಕೊಡುಗೆ. ಬಾಡಿಗೆ ಕಟ್ಟಿ, ನಿಯಮ ಪಾಲಿಸಿ, ಸರದಿ ಕಾದು ನಾವು ಅದನ್ನು ಬಳಸಬೇಕು. ಇದು ಗೊತ್ತಿಲ್ಲದೆ ಅನುದಾನ ಕೇಳಲು ವಾರ್ಡ್ ಆಫೀಸಿಗೆ ಅಲೆಯುವವರು ಸುಮ್ನೆ ದಿನ ಕಳೆಯುತ್ತಾರೆ. ಅತ್ತ ಸಿಗಬಹುದಾಗಿದ್ದ ಹಾಲ್‌ನ ತಾರೀಖೂ ಕೈ ತಪ್ಪುತ್ತದೆ.

ಇದಕ್ಕೆ ಕಾನೂನಿನ ಹಿನ್ನೆಲೆಯೂ ಇದೆ. 1992ರ 74ನೇ ತಿದ್ದುಪಡಿಯಿಂದ ಸಂವಿಧಾನಕ್ಕೆ ಸೇರಿದ 12ನೇ ಅನುಸೂಚಿಯಲ್ಲಿ ನಗರಾಡಳಿತಕ್ಕೆ ವಹಿಸಬಹುದಾದ 18 ವಿಷಯಗಳಿವೆ. ಉದ್ಯಾನ ಮತ್ತು ಆಟದ ಮೈದಾನ ಅದರಲ್ಲೊಂದು. ಸಂಸ್ಕೃತಿ, ಶಿಕ್ಷಣ, ಸೌಂದರ್ಯಕ್ಕೆ ಉತ್ತೇಜನ ಇನ್ನೊಂದು. ಆದರೆ ಮುಂಬೈ ಪಾಲಿಕೆ ನಡೆಯುವುದು 1888ರ ತನ್ನದೇ ಕಾಯ್ದೆಯ ಮೇಲೆ. ಅದರಲ್ಲಿ ಮಾಡಲೇಬೇಕಾದ ಕೆಲಸಗಳ ಪಟ್ಟಿ ಒಂದು, ಬೇಕಿದ್ದರೆ ಮಾಡಬಹುದಾದ ಕೆಲಸಗಳ ಪಟ್ಟಿ ಇನ್ನೊಂದು. ನೀರು, ಚರಂಡಿ, ಕಸ, ರಸ್ತೆ ಮೊದಲನೆಯದರಲ್ಲಿ. ಆಟ, ವಾಚನಾಲಯ, ಕಲೆ ಎರಡನೆಯದರಲ್ಲಿ. ಹೀಗಾಗಿ ಕ್ರೀಡೆ, ಸಂಸ್ಕೃತಿಯ ವಿಷಯದಲ್ಲಿ ಪಾಲಿಕೆಯನ್ನು "ನೀವು ಕೊಡಲೇಬೇಕು" ಎಂದು ಹಿಡಿದು ನಿಲ್ಲಿಸುವುದು ಕಷ್ಟ. ಇರುವ ಸೌಲಭ್ಯವನ್ನು ಜಾಣತನದಿಂದ ಬಳಸುವುದೇ ದಾರಿ.

ಹಾಗಾದರೆ ಯಾವುದಕ್ಕೆ ಪಾಲಿಕೆ, ಯಾವುದಕ್ಕೆ ನಮ್ಮದೇ ಸಂಘದ ಭವನ, ಯಾವುದಕ್ಕೆ ಸರ್ಕಾರ? ಒಂದೊಂದಾಗಿ ನೋಡೋಣ.

ಹಾಲ್: ಪಾಲಿಕೆಯದ್ದೋ, ನಮ್ಮದೋ?

ಪಾಲಿಕೆಯ ನಾಟ್ಯಗೃಹಗಳು ಒಳ್ಳೆಯ ಜಾಗಗಳಲ್ಲಿವೆ. ವಿಲೇಪಾರ್ಲೆ ಪೂರ್ವದಲ್ಲಿ ದೀನಾನಾಥ ಮಂಗೇಶ್ಕರ್ ನಾಟ್ಯಗೃಹ. ಬೊರಿವಲಿ ಪಶ್ಚಿಮದಲ್ಲಿ ಪ್ರಬೋಧನಕಾರ್ ಠಾಕ್ರೆ ನಾಟ್ಯಮಂದಿರ. ಮುಲುಂಡ್ ಪಶ್ಚಿಮದಲ್ಲಿ ಮಹಾಕವಿ ಕಾಳಿದಾಸ ನಾಟ್ಯಮಂದಿರ. ಕಾಳಿದಾಸವನ್ನು ಅದೇ ಆವರಣದ ಕ್ರೀಡಾ ಸಂಕುಲದ ಜೊತೆಗೆ ಪಾಲಿಕೆಯದ್ದೇ ಆದ ಬೃಹನ್ಮುಂಬೈ ಕ್ರೀಡಾ ಮತ್ತು ಲಲಿತಕಲಾ ಪ್ರತಿಷ್ಠಾನ ನೋಡಿಕೊಳ್ಳುತ್ತದೆ. ಅಂಧೇರಿ ಪಶ್ಚಿಮದ ಶಹಾಜಿರಾಜೇ ಭೋಸಲೆ ಕ್ರೀಡಾ ಸಂಕುಲವೂ ಇದೇ ಪ್ರತಿಷ್ಠಾನದ ಕೈಯಲ್ಲಿದೆ.

ಈ ಹಾಲ್‌ಗಳ ದೊಡ್ಡ ಗುಣ ಅಂದರೆ ಇವನ್ನು ಕಟ್ಟಿರುವುದೇ ನಾಟಕಕ್ಕೆ. ರಂಗದ ಆಳ, ಪರದೆ, ಮೇಕಪ್ ಕೋಣೆ, ಇಳಿಜಾರು ಆಸನ ಎಲ್ಲವೂ ಪ್ರದರ್ಶನಕ್ಕೆ ಹೇಳಿ ಮಾಡಿಸಿದ್ದು. ಕನ್ನಡ ನಾಟಕವನ್ನೋ ಭರತನಾಟ್ಯ ರಂಗಪ್ರವೇಶವನ್ನೋ ಇಂಥ ಕಡೆ ಇಟ್ಟರೆ ಕಲಾವಿದರ ಮುಖವೇ ಅರಳುತ್ತದೆ. ಬಾಡಿಗೆಯೂ ಅದೇ ಗುಣಮಟ್ಟದ ಖಾಸಗಿ ಹಾಲ್‌ಗಿಂತ ಸಾಮಾನ್ಯವಾಗಿ ಕಡಿಮೆ.

ತೊಡಕು ತಾರೀಖಿನದ್ದು. ಮರಾಠಿ ವೃತ್ತಿ ರಂಗಭೂಮಿಯ ನಿರ್ಮಾಪಕರು ಈ ಹಾಲ್‌ಗಳ ಖಾಯಂ ಗಿರಾಕಿಗಳು. ಕೆಲವು ತಿಂಗಳ ತಾರೀಖುಗಳನ್ನು ಒಟ್ಟಿಗೆ ಹಂಚುವ ಪದ್ಧತಿ ಇಲ್ಲಿದೆ. ಮರಾಠಿಯಲ್ಲಿ ಇದಕ್ಕೆ ‘ತಾರಖಾ ವಾಟಪ’ ಎನ್ನುತ್ತಾರೆ. ಶನಿವಾರ, ಭಾನುವಾರದ ಮಧ್ಯಾಹ್ನ ಮತ್ತು ರಾತ್ರಿಯ ಪಾಳಿಗಳು ಅಲ್ಲೇ ಹೋಗಿಬಿಡುತ್ತವೆ. ಹೊರಗಿನವರಿಗೆ ಉಳಿಯುವುದು ಹೆಚ್ಚಾಗಿ ಬೆಳಗಿನ ಪಾಳಿ, ಇಲ್ಲವೇ ವಾರದ ನಡುವಿನ ದಿನ. ಮಂಗಳವಾರ ಸಂಜೆ ಆರಕ್ಕೆ ನಮ್ಮ ಜನ ಆಫೀಸು, ಹೋಟೆಲು ಬಿಟ್ಟು ಬರುತ್ತಾರೆಯೇ? ಬರುವುದಿಲ್ಲ. ಹಾಗಾಗಿ ಭಾನುವಾರ ಬೆಳಗಿನ ಪಾಳಿ ಸಿಕ್ಕರೆ ಕಣ್ಣು ಮುಚ್ಚಿ ಒಪ್ಪಿಕೊಳ್ಳಿ. ಬೆಳಿಗ್ಗೆ ನಾಟಕ ಜನರಿಗೆ ಒಗ್ಗುವುದಿಲ್ಲ ಎಂಬುದು ಸಮಿತಿಯವರ ಭಯ ಅಷ್ಟೇ. ಹಿರಿಯರಿಗೂ ಮಕ್ಕಳಿರುವ ಮನೆಯವರಿಗೂ ರಾತ್ರಿಗಿಂತ ಅದೇ ಸಲೀಸು.

ಪಾಳಿಯೆಂದರೆ ಪಾಳಿ. ಮುಂದಿನ ನಾಟಕದವರ ಲಾರಿ ಹಿಂಬಾಗಿಲಲ್ಲಿ ಬಂದು ನಿಂತಿರುತ್ತದೆ. ನಮ್ಮ ಕಾರ್ಯಕ್ರಮಗಳಲ್ಲಿ ಸ್ವಾಗತ, ಪ್ರಾಸ್ತಾವಿಕ, ಸನ್ಮಾನ, ಸನ್ಮಾನಿತರ ಮಾತು, ಅಧ್ಯಕ್ಷ ಭಾಷಣ ಮುಗಿಯುವಷ್ಟರಲ್ಲಿ ಅರ್ಧ ಪಾಳಿ ಹೋಗಿರುತ್ತದೆ. ಸನ್ಮಾನದ ಪಟ್ಟಿ ಉದ್ದವಿದ್ದರೆ ದಯವಿಟ್ಟು ಪಾಲಿಕೆಯ ನಾಟ್ಯಗೃಹ ತೆಗೆದುಕೊಳ್ಳಬೇಡಿ. ಇದು ತಮಾಷೆಯ ಮಾತಲ್ಲ.

ಇನ್ನೊಂದು ವಿಷಯ ಊಟ. ನಾಟ್ಯಗೃಹದಲ್ಲಿ ಬಟಾಟವಡೆ, ಚಹಾದ ಕ್ಯಾಂಟೀನ್ ಇರಬಹುದು. ಎಲೆ ಹಾಕಿ ಬಡಿಸುವ ಊಟದ ವ್ಯವಸ್ಥೆ ಇರುವುದಿಲ್ಲ. ಮದುವೆಯಿರಲಿ, ವಾರ್ಷಿಕೋತ್ಸವವಿರಲಿ, ಊಟವಿಲ್ಲದ ಕಾರ್ಯಕ್ರಮವನ್ನು ಮುಂಬೈ ಕನ್ನಡಿಗ ಅರ್ಧ ಕಾರ್ಯಕ್ರಮವೆಂದೇ ಎಣಿಸುತ್ತಾನೆ.

ಇಲ್ಲಿ ಗೆಲ್ಲುವುದು ನಮ್ಮದೇ ಭವನಗಳು. ಮಾಟುಂಗ ಪಶ್ಚಿಮದಲ್ಲಿ ಕರ್ನಾಟಕ ಸಂಘದ ಡಾ. ವಿಶ್ವೇಶ್ವರಯ್ಯ ಸ್ಮಾರಕ ಮಂದಿರ, ಮಾಟುಂಗ ಪೂರ್ವದಲ್ಲಿ ಮೈಸೂರು ಅಸೋಸಿಯೇಷನ್, ಕುರ್ಲಾ ಪೂರ್ವದಲ್ಲಿ ಬಂಟರ ಸಂಘದ ಭವನ, ಸಾಂತಾಕ್ರೂಜ್ ಪೂರ್ವದಲ್ಲಿ ಬಿಲ್ಲವ ಭವನ, ಅಂಧೇರಿ ಪಶ್ಚಿಮದಲ್ಲಿ ಮೊಗವೀರ ಭವನ. ಇವುಗಳ ಹಿಂದೆ ದೊಡ್ಡ ಚರಿತ್ರೆಯಿದೆ. ಮೊಗವೀರ ವ್ಯವಸ್ಥಾಪಕ ಮಂಡಳಿ ಶುರುವಾದದ್ದು 1902ರಲ್ಲಿ. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಓದಿದ ಹುಡುಗರು ಮುಂದೆ ಉದ್ಯಮಿಗಳಾಗಿ ಕೊಟ್ಟ ದಾನದಲ್ಲಿ ಇಂಥ ಎಷ್ಟೋ ಗೋಡೆಗಳು ಎದ್ದಿವೆ. ನಗರಾಡಳಿತ ಕೊಡದಿದ್ದ ಸೌಕರ್ಯವನ್ನು ಸಮುದಾಯ ತಾನೇ ಕಟ್ಟಿಕೊಂಡಿತು ಅನ್ನಬಹುದು.

ಈ ಭವನಗಳಲ್ಲಿ ಸಮಯದ ಬಗ್ಗೆ ಸ್ವಲ್ಪ ಮಾತಾಡಿ ಸರಿಮಾಡಿಕೊಳ್ಳಬಹುದು. ಊಟಕ್ಕೆ ಜಾಗವಿದೆ. ಫೋನ್ ಎತ್ತಿದರೆ ಕನ್ನಡದಲ್ಲೋ ತುಳುವಿನಲ್ಲೋ ಮಾತು ಮುಗಿಯುತ್ತದೆ. ಆದರೆ ಮದುವೆ ಮುಹೂರ್ತದ ದಿನ ಹಾಲ್ ಸಿಗುವುದು ಕನಸು. ಮದುವೆಯೇ ಅವರಿಗೂ ಮುಖ್ಯ ಆದಾಯ, ಅದರಲ್ಲಿ ತಪ್ಪೇನಿಲ್ಲ. ಮತ್ತೊಂದು, ಎಲ್ಲ ಭವನಗಳ ರಂಗವೂ ನಾಟಕಕ್ಕೆ ತಕ್ಕದ್ದಲ್ಲ. ಸಭೆಗೆ ಚೆಂದ ಕಾಣುವ ವೇದಿಕೆಯಲ್ಲಿ ನಾಟಕದ ಸೆಟ್ ಕೂರದೇ ಇರಬಹುದು. ಬುಕ್ ಮಾಡುವ ಮೊದಲು ನಾಟಕದ ನಿರ್ದೇಶಕರನ್ನೂ ಭಾಗವತರನ್ನೂ ಕರೆದುಕೊಂಡು ಹೋಗಿ ರಂಗ ತೋರಿಸಿ. ಕೋಶಾಧಿಕಾರಿ ಒಬ್ಬರೇ ಹೋಗಿ ಬಾಡಿಗೆ ನೋಡಿ ನಿರ್ಧರಿಸಿದ ಹಾಲ್‌ನಲ್ಲಿ ಚೆಂಡೆಯ ಸದ್ದು ಗೋಡೆಗೆ ಬಡಿದು ಮಾತೇ ಕೇಳಿಸದಂತಾದದ್ದನ್ನು ಕಂಡಿದ್ದೇನೆ.

ಎಲ್ಲಕ್ಕಿಂತ ಮೊದಲು ನೋಡಬೇಕಾದದ್ದು ಲೋಕಲ್ ರೈಲು. ಮಾಟುಂಗದ ಅನುಕೂಲ ಏನೆಂದರೆ ವೆಸ್ಟರ್ನ್ ಲೈನಿನವರಿಗೆ ಮಾಟುಂಗ ರೋಡ್, ಸೆಂಟ್ರಲ್‌ನವರಿಗೆ ಮಾಟುಂಗ ಎರಡೂ ಹತ್ತಿರ. ಕುರ್ಲಾ ಸೆಂಟ್ರಲ್ ಮತ್ತು ಹಾರ್ಬರ್ ಲೈನ್ ಕೂಡುವ ಜಾಗ, ಹಾಗಾಗಿ ಚೆಂಬೂರು, ನವಿ ಮುಂಬೈ, ಥಾಣೆ ಕಡೆಯವರಿಗೆ ಸಲೀಸು. ಸದಸ್ಯರ ಪಟ್ಟಿ ತೆಗೆದು, ಯಾರು ಯಾವ ಲೈನಿನವರು ಎಂದು ಗುರುತು ಹಾಕಿ. ಎರಡು ಸಲ ರೈಲು ಬದಲಿಸಬೇಕಾದ ಹಾಲ್ ಎಷ್ಟೇ ಅಗ್ಗವಿದ್ದರೂ ಖುರ್ಚಿ ಖಾಲಿಯೇ ಉಳಿಯುತ್ತದೆ.

ದೊಡ್ಡ ಮಟ್ಟದ ಕಾರ್ಯಕ್ರಮವಾದರೆ ಷಣ್ಮುಖಾನಂದ. ಕಿಂಗ್ಸ್ ಸರ್ಕಲ್ ಬಳಿಯ ಈ ಸಭಾಂಗಣದಲ್ಲಿ ಸುಮಾರು 2,700 ಆಸನಗಳಿವೆ. ಇದು ಪಾಲಿಕೆಯದ್ದಲ್ಲ, ಒಂದು ಸಂಗೀತ ಸಭೆಯದ್ದು. ಶಾಸ್ತ್ರೀಯ ಸಂಗೀತಕ್ಕೆ, ಊರಿಂದ ತಾರೆಯರನ್ನು ಕರೆಸುವ ಮಹೋತ್ಸವಕ್ಕೆ ಸರಿ. ಅಷ್ಟು ಜನ ಸೇರಿಸುವ ಧೈರ್ಯ ಇಲ್ಲದಿದ್ದರೆ ಹತ್ತಿರ ಹೋಗಬೇಡಿ. ಅರ್ಧ ತುಂಬಿದ ಷಣ್ಮುಖಾನಂದ ನೋಡಲು ಖಾಲಿ ಹಾಲ್‌ನಂತೆಯೇ ಕಾಣುತ್ತದೆ. ಪ್ರಭಾದೇವಿಯ ರವೀಂದ್ರ ನಾಟ್ಯಮಂದಿರ ರಾಜ್ಯ ಸರ್ಕಾರದ್ದು. ದೀರ್ಘ ದುರಸ್ತಿಯ ನಂತರ 2025ರಲ್ಲಿ ಮತ್ತೆ ತೆರೆಯಿತು. ದೊಡ್ಡ ರಂಗದ ಜೊತೆಗೆ ಅಲ್ಲಿ ಸಣ್ಣ ಸಭಾಂಗಣವೂ ಇದೆ. ಕವಿಗೋಷ್ಠಿ, ಪುಸ್ತಕ ಬಿಡುಗಡೆಗೆ ಅದನ್ನು ಯೋಚಿಸಬಹುದು.

ಮುಂಬೈಯ ಗಡಿ ದಾಟಿದರೆ ಪಾಲಿಕೆಯೇ ಬೇರೆ. ಥಾಣೆಯ ಗಡಕರಿ ರಂಗಾಯತನ ಅಲ್ಲಿನ ಮಹಾನಗರ ಪಾಲಿಕೆಯದ್ದು. ವಾಶಿಯ ವಿಷ್ಣುದಾಸ ಭಾವೆ ನಾಟ್ಯಗೃಹ ನವಿ ಮುಂಬೈ ಪಾಲಿಕೆಯದ್ದು. ಡೊಂಬಿವಲಿಯ ಸಾವಿತ್ರಿಬಾಯಿ ಫುಲೆ ಕಲಾಮಂದಿರ ಕಲ್ಯಾಣ-ಡೊಂಬಿವಲಿ ಪಾಲಿಕೆಯದ್ದು. ಡೊಂಬಿವಲಿಯಲ್ಲಿ ಕನ್ನಡಿಗರ ದೊಡ್ಡ ಸಂಖ್ಯೆಯಿದೆ, ಅಲ್ಲಿನ ಸಂಘಗಳು ಮಾಟುಂಗದ ಕಡೆ ನೋಡುವ ಅಗತ್ಯವೇ ಇಲ್ಲ. ಒಂದು ಎಚ್ಚರಿಕೆ: ಪಾಲಿಕೆಯ ಹಾಲ್‌ಗಳು ಆಗಾಗ ದುರಸ್ತಿಗೆಂದು ತಿಂಗಳುಗಟ್ಟಲೆ ಮುಚ್ಚುತ್ತವೆ. ಗಡಕರಿಯೂ ಹಾಗೆ ಮುಚ್ಚಿ 2025ರಲ್ಲಿ ತೆರೆದದ್ದೇ. ಹಾಗಾಗಿ ಮೊದಲೇ ಬದಲಿ ಹಾಲ್ ಒಂದನ್ನು ಮನಸ್ಸಿನಲ್ಲಿಟ್ಟುಕೊಳ್ಳಿ.

ಮಳೆಗಾಲದ ಲೆಕ್ಕ

ಕರಾವಳಿಯ ಯಕ್ಷಗಾನ ಮೇಳಗಳ ತಿರುಗಾಟ ಪತ್ತನಾಜೆಗೆ, ಅಂದರೆ ಮೇ ಕೊನೆಯ ವಾರದ ಹೊತ್ತಿಗೆ, ಮುಗಿಯುತ್ತದೆ. ಮತ್ತೆ ಗೆಜ್ಜೆ ಕಟ್ಟುವುದು ದೀಪಾವಳಿಯ ಆಸುಪಾಸು. ನಡುವಿನ ಮಳೆಗಾಲದಲ್ಲಿ ಕಲಾವಿದರಿಗೆ ಬಿಡುವು. ಆಗಲೇ ಅವರು ಮುಂಬೈಗೆ ಬರುತ್ತಾರೆ, ನಾವು ಕರೆಸುತ್ತೇವೆ. ಜುಲೈ, ಆಗಸ್ಟ್‌ನಲ್ಲಿ ತಾಳಮದ್ದಳೆ, ಕಾಲಮಿತಿ ಯಕ್ಷಗಾನ, ತುಳುವರ ಆಟಿ ತಿಂಗಳ ಆಚರಣೆಯಾದ ಆಟಿಡೊಂಜಿ ದಿನ ಎಲ್ಲವೂ ಒಟ್ಟಿಗೆ ಬೀಳುತ್ತವೆ. ಮೈದಾನದಲ್ಲಿ ಕೆಸರು, ಪೆಂಡಾಲಿನ ಮಾತೇ ಇಲ್ಲ. ಹಾಗಾಗಿ ಎಲ್ಲರಿಗೂ ಹಾಲೇ ಬೇಕು. ಆಟಿಯ ಕಾರ್ಯಕ್ರಮಕ್ಕೆ ಹಾಲ್ ಹುಡುಕುವುದನ್ನು ಯುಗಾದಿಗೇ ಶುರು ಮಾಡಿದರೆ ನೆಮ್ಮದಿ. ನವೆಂಬರ್ ಭಾನುವಾರಗಳಿಗೂ ರಾಜ್ಯೋತ್ಸವದ ಪೈಪೋಟಿ ಇದೆ. ಆದರೆ ಆಗ ಮೈದಾನವೂ ಒಣಗಿರುತ್ತದೆ, ಆಯ್ಕೆ ಜಾಸ್ತಿ.

ರಾತ್ರಿಯ ವಿಷಯ. ಶಬ್ದಮಾಲಿನ್ಯ ನಿಯಮ 2000ರ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ. ಸಾಂಸ್ಕೃತಿಕ, ಧಾರ್ಮಿಕ ಹಬ್ಬಗಳಿಗೆ ವರ್ಷದಲ್ಲಿ ಹೆಚ್ಚೆಂದರೆ 15 ದಿನ ಮಧ್ಯರಾತ್ರಿಯವರೆಗೆ ಸಡಿಲಿಸುವ ಅಧಿಕಾರ ರಾಜ್ಯ ಸರ್ಕಾರಕ್ಕಿದೆ. ಆ ದಿನಗಳನ್ನು ಸರ್ಕಾರ ಆರಿಸುತ್ತದೆ, ನಮ್ಮ ಸಂಘ ಅಲ್ಲ. ಮುಚ್ಚಿದ ಸಭಾಂಗಣದ ಒಳಗಿನ ಬಳಕೆಗೆ ಈ ನಿಯಮದಲ್ಲೇ ವಿನಾಯಿತಿ ಇದೆ. ಹೀಗಾಗಿ ಇಡೀ ರಾತ್ರಿಯ ಯಕ್ಷಗಾನ ಆಡಿಸಲೇಬೇಕು ಅನ್ನುವವರಿಗೆ ಉಳಿದಿರುವುದು ಸಮುದಾಯದ ಭವನ ಮಾತ್ರ. ಪಾಲಿಕೆಯ ನಾಟ್ಯಗೃಹದಲ್ಲಿ ಪಾಳಿ ಮುಗಿದರೆ ದೀಪ ಆರುತ್ತದೆ.

ಕಾಗದಪತ್ರದ ಬಗ್ಗೆ ಚುಟುಕಾಗಿ. ಮಹಾರಾಷ್ಟ್ರದಲ್ಲಿ ನಾಟಕದ ಹಸ್ತಪ್ರತಿಗೆ ರಂಗಭೂಮಿ ಪ್ರಯೋಗ ಪರಿನಿರೀಕ್ಷಣ ಮಂಡಳಿಯ ಪ್ರಮಾಣಪತ್ರ ಬೇಕು. ಊರಿಂದ ಬರುವ ತಂಡಕ್ಕೆ ಇದು ಗೊತ್ತಿರುವುದಿಲ್ಲ, ಕರ್ನಾಟಕದಲ್ಲಿ ಯಾರೂ ಕೇಳುವುದಿಲ್ಲ. ಹಸ್ತಪ್ರತಿಯನ್ನು ಮೊದಲೇ ತರಿಸಿಕೊಳ್ಳಿ. ಸಿನಿಮಾ ಹಾಡಿಗೆ ಕುಣಿತ ಇದ್ದರೆ ಸಂಗೀತದ ಲೈಸೆನ್ಸ್ ಕೇಳುತ್ತಾರೆ. ಟಿಕೆಟ್ ಇಡುವುದಾದರೆ ನಾಟಕ, ನೃತ್ಯ, ಸಂಗೀತ ಕಾರ್ಯಕ್ರಮಕ್ಕೆ ತಲಾ 500 ರೂಪಾಯಿವರೆಗೆ ಜಿಎಸ್‌ಟಿ ಇಲ್ಲ. ನಮ್ಮಲ್ಲಿ ಬಹುತೇಕ ‘ಉಚಿತ ಪ್ರವೇಶ, ಎಲ್ಲರಿಗೂ ಸ್ವಾಗತ’ ಎಂಬ ಪದ್ಧತಿ. ನನ್ನನ್ನು ಕೇಳಿದರೆ ನೂರು ರೂಪಾಯಿ ಟಿಕೆಟ್ ಇಡುವುದು ಒಳ್ಳೆಯದು. ದುಡ್ಡಿಗಿಂತ ಹೆಚ್ಚಾಗಿ, ಎಷ್ಟು ಜನ ಬರುತ್ತಾರೆಂಬ ಅಂದಾಜು ಸಿಗುತ್ತದೆ, ಅಡುಗೆಯವರಿಗೂ ಹೇಳಬಹುದು.

ಮೈದಾನ: ಮೊದಲು ಮಾಲೀಕ ಯಾರೆಂದು ಕೇಳಿ

ಕ್ರೀಡಾಕೂಟದ ವಿಷಯದಲ್ಲಿ ನಮ್ಮ ಭವನಗಳು ಹೆಚ್ಚು ನೆರವಾಗುವುದಿಲ್ಲ. ಹಗ್ಗಜಗ್ಗಾಟ, ವಾಲಿಬಾಲ್, ಕಬಡ್ಡಿ, ಮಕ್ಕಳ ಓಟ ಇದಕ್ಕೆಲ್ಲ ಮಣ್ಣು ಬೇಕು. ಮುಂಬೈಯಲ್ಲಿ ಮಣ್ಣಿಗೇ ಬರ.

ಜನ ಎಲ್ಲ ಬಯಲನ್ನೂ ಪಾಲಿಕೆಯದ್ದೆಂದು ತಿಳಿಯುತ್ತಾರೆ. ಹಾಗಿಲ್ಲ. ಓವಲ್, ಆಜಾದ್ ಮೈದಾನಗಳು ರಾಜ್ಯ ಸರ್ಕಾರದ ಜಾಗ. ಮರೀನ್ ಡ್ರೈವ್‌ನ ಜಿಮ್ಖಾನಾಗಳು ಜಿಲ್ಲಾಧಿಕಾರಿಯಿಂದ ಗುತ್ತಿಗೆ ಪಡೆದವು. ಕುರ್ಲಾದ ನೆಹರೂ ನಗರ, ಚೆಂಬೂರಿನ ತಿಲಕ್ ನಗರದಂಥ ಬಡಾವಣೆಗಳಲ್ಲಿ ಬಯಲಿನ ಮಾತು ರಾಜ್ಯದ ವಸತಿ ಪ್ರಾಧಿಕಾರವಾದ ಮ್ಹಾಡಾದ ಜೊತೆ ಆಡಬೇಕಾಗಬಹುದು. ವಡಾಲ ಕಡೆ ಬಂದರು ಪ್ರಾಧಿಕಾರದ ಜಾಗ, ಮತ್ತೆ ಕೆಲವೆಡೆ ರೈಲ್ವೆಯ ಮೈದಾನ. ತಪ್ಪು ಆಫೀಸಿಗೆ ಅರ್ಜಿ ಕೊಟ್ಟು ವಾರಗಟ್ಟಲೆ ಕಾದು, ಕೊನೆಗೆ "ಇದು ನಮ್ಮದಲ್ಲ" ಎಂಬ ಉತ್ತರ ಪಡೆದ ಸಂಘಗಳು ಬೇಕಾದಷ್ಟಿವೆ. ಮೈದಾನದ ಗೇಟಿನ ಬೋರ್ಡ್ ಓದಿ. ಪಾಲಿಕೆಯ ಹೆಸರಿದ್ದರೆ ಆ ವಾರ್ಡಿನ ಉದ್ಯಾನ ಖಾತೆಗೆ ಹೋಗಿ. ಮಾಟುಂಗ ಪೂರ್ವ, ವಡಾಲ, ಸಾಯನ್ ಎಫ್ ನಾರ್ತ್ ವಾರ್ಡ್. ಕುರ್ಲಾ ಎಲ್ ವಾರ್ಡ್. ಚೆಂಬೂರು ಎಂ ವೆಸ್ಟ್. ಸಾಂತಾಕ್ರೂಜ್ ಪೂರ್ವ ಎಚ್ ಈಸ್ಟ್. ಗೋರೆಗಾಂವ್ ಪಿ ಸೌತ್. ಮುಲುಂಡ್ ಟಿ.

ಬೋರ್ಡಿನಲ್ಲಿ ಪಾಲಿಕೆಯ ಹೆಸರಿನ ಕೆಳಗೆ ಯಾವುದೋ ಮಂಡಳದ ಹೆಸರೂ ಇರಬಹುದು. ಪಾಲಿಕೆ ಹಿಂದೆ ಎಷ್ಟೋ ಬಯಲುಗಳನ್ನು ನಿರ್ವಹಣೆಗೆಂದು ಖಾಸಗಿ ಸಂಸ್ಥೆಗಳಿಗೆ ಕೊಟ್ಟಿತ್ತು. ಕೆಲವು ಕಡೆ ರಾಜಕಾರಣಿಗಳ ಕ್ಲಬ್ಬುಗಳೇ ಎದ್ದವು, ಜನ ಗಲಾಟೆ ಮಾಡಿದರು, ಎಷ್ಟೋ ಜಾಗಗಳನ್ನು ಪಾಲಿಕೆ ಹಿಂದೆ ಪಡೆಯಬೇಕಾಯಿತು. "ನಮ್ಮ ಸಂಘವೇ ಒಂದು ಮೈದಾನ ನೋಡಿಕೊಳ್ಳಬಾರದೇಕೆ?" ಎಂಬ ಉತ್ಸಾಹ ಆಗಾಗ ಸಮಿತಿಗಳಲ್ಲಿ ಬರುತ್ತದೆ. ಕಾವಲುಗಾರ, ನೀರು, ವಿಮೆ, ಪಕ್ಕದ ಕಟ್ಟಡದವರ ತಕರಾರು ಎಲ್ಲ ಸೇರಿದರೆ ಸಣ್ಣ ಸಂಘಕ್ಕೆ ಅದು ಹೊರಲಾರದ ಹೊರೆ. ಸ್ವಂತ ಶಾಲೆ ಇರುವ ದೊಡ್ಡ ಸಂಸ್ಥೆ ಮಾತ್ರ ಯೋಚಿಸಬಹುದು.

ಪಾಲಿಕೆಯ ಬಯಲಲ್ಲೂ ಎರಡು ಬಗೆ: ಆಟದ ಮೈದಾನ, ಮನರಂಜನಾ ಮೈದಾನ. ಆಟಕ್ಕೆಂದು ಕೇಳಿದರೆ ದಾರಿ ಸುಲಭ. ಅದೇ ಅರ್ಜಿಯಲ್ಲಿ ‘ಕ್ರೀಡಾಕೂಟ ಮತ್ತು ಸಾಂಸ್ಕೃತಿಕ ಕಾರ್ಯಕ್ರಮ’ ಎಂದು ಬರೆದರೆ ಬೇರೆ ದರ, ಬೇರೆ ಅನುಮತಿ, ಪೊಲೀಸ್, ಅಗ್ನಿಶಾಮಕ ಎಲ್ಲ ಬರುತ್ತದೆ. ದಾದರ್‌ನ ಶಿವಾಜಿ ಪಾರ್ಕ್ ಇದಕ್ಕೆ ದೊಡ್ಡ ಉದಾಹರಣೆ. ಆಟ ಬಿಟ್ಟು ಬೇರೆ ಕಾರ್ಯಕ್ರಮಕ್ಕೆ ಅಲ್ಲಿ ವರ್ಷಕ್ಕೆ ಸಿಗುವುದು 45 ದಿನ ಮಾತ್ರ, ಅವೂ ಯಾರು ಯಾರಿಗೆಂದು ಹೆಚ್ಚುಕಡಿಮೆ ನಿಗದಿಯಾಗಿವೆ. ಮೇಲಾಗಿ 2010ರಲ್ಲಿ ಬಾಂಬೆ ಹೈಕೋರ್ಟ್ ಅದನ್ನು ಶಾಂತಿ ವಲಯವೆಂದಿತ್ತು. ನಮ್ಮಂಥ ಸಂಘಗಳು ಆ ಆಸೆ ಬಿಡುವುದೇ ಲೇಸು. ಬಹುಮಾನ ವಿತರಣೆಯನ್ನು ಮೈದಾನದಲ್ಲೇ ಐದು ನಿಮಿಷದಲ್ಲಿ ಮುಗಿಸಿ, ಭಾಷಣ, ನೃತ್ಯವನ್ನು ಬೇರೆ ದಿನ ಹಾಲ್‌ನಲ್ಲಿ ಇಟ್ಟುಕೊಂಡರೆ ಅರ್ಧ ತಲೆನೋವು ಕಡಿಮೆ.

ಶಾಲಾ ಮೈದಾನ ಇನ್ನೊಂದು ಆಯ್ಕೆ, ನನ್ನ ಮೆಚ್ಚಿನದ್ದೂ ಹೌದು. ವಡಾಲದ ನ್ಯಾಷನಲ್ ಕನ್ನಡ ಎಜುಕೇಶನ್ ಸೊಸೈಟಿ, ಚೆಂಬೂರು ಕರ್ನಾಟಕ ಸಂಘ, ಅಂಧೇರಿಯ ಮೊಗವೀರ ಮಂಡಳಿಯಂಥ ಸಂಸ್ಥೆಗಳು ಶಾಲೆ, ಕಾಲೇಜು ನಡೆಸುತ್ತಿವೆ. ಆವರಣ ಸಣ್ಣದಿದ್ದರೂ ಶೌಚಾಲಯ, ಕುಡಿಯುವ ನೀರು, ನೆರಳು, ಬಟ್ಟೆ ಬದಲಿಸಲು ಕೋಣೆ ಇರುತ್ತವೆ. ಪಾಲಿಕೆಯ ಮೈದಾನದಲ್ಲಿ ಈ ನಾಲ್ಕೂ ಒಟ್ಟಿಗೆ ಸಿಗುವುದು ಅದೃಷ್ಟ. ಮಹಿಳಾ ವಿಭಾಗದವರು ಭಾಗವಹಿಸಬೇಕು ಅನ್ನುವುದಾದರೆ ಶೌಚಾಲಯವೇ ಮೊದಲ ಪ್ರಶ್ನೆಯಾಗಬೇಕು. ದೊಡ್ಡ ಪಂದ್ಯಾವಳಿ ಎಂದಾದರೆ ಅಂಧೇರಿ, ಮುಲುಂಡ್ ಸಂಕುಲಗಳನ್ನು ಕೇಳಿ ನೋಡಿ. ಅಂಧೇರಿಯಲ್ಲಿ ಫುಟ್‌ಬಾಲ್ ಲೀಗ್ ನಡೆಯುವ ತಿಂಗಳುಗಳಲ್ಲಿ ಆಸೆ ಇಟ್ಟುಕೊಳ್ಳಬೇಡಿ.

ಹಣ: ಇಲ್ಲಿ ಪಾಲಿಕೆ ಕೊನೆಯ ಸ್ಥಾನದಲ್ಲಿ

ಕಾರ್ಪೊರೇಟರ್ ನಿಧಿ, ಶಾಸಕರ ನಿಧಿ, ಸಂಸದರ ನಿಧಿ. ಹೆಸರು ಕೇಳಿದರೆ ಬಾಯಲ್ಲಿ ನೀರೂರುತ್ತದೆ. ಮಹಾರಾಷ್ಟ್ರದ ಶಾಸಕರಿಗೂ ಸಂಸದರಿಗೂ ಸ್ಥಳೀಯ ಅಭಿವೃದ್ಧಿಗೆ ವರ್ಷಕ್ಕೆ 5 ಕೋಟಿ ಇದೆ. ಆದರೆ ಇದು ಬಾಳಿಕೆ ಬರುವ ಕೆಲಸಕ್ಕೆ ಇರುವ ಹಣ. ಮೈದಾನಕ್ಕೆ ಬೇಲಿ, ವ್ಯಾಯಾಮದ ಉಪಕರಣ, ಶೌಚಾಲಯ, ವಾಚನಾಲಯದ ಕೋಣೆ ಕೇಳಬಹುದು. ರಾಜ್ಯೋತ್ಸವದ ಪೆಂಡಾಲಿಗೆ, ಕಲಾವಿದರ ಸಂಭಾವನೆಗೆ ಇದರಿಂದ ಬರುವುದಿಲ್ಲ. ಹಣ ಸಂಘದ ಖಾತೆಗೂ ಬರುವುದಿಲ್ಲ, ಕೆಲಸ ಆಡಳಿತದ ಮೂಲಕವೇ ನಡೆಯುತ್ತದೆ. ಮೈದಾನ, ವ್ಯಾಯಾಮಶಾಲೆಗೆ ರಾಜ್ಯದ ಕ್ರೀಡಾ ಇಲಾಖೆಯ ಅನುದಾನ ಯೋಜನೆಗಳೂ ಇವೆ. ಮುಂಬೈ ನಗರ, ಮುಂಬೈ ಉಪನಗರ ಎರಡು ಜಿಲ್ಲೆಗಳಾದ್ದರಿಂದ ಕ್ರೀಡಾಧಿಕಾರಿಯ ಕಚೇರಿಯೂ ಎರಡು. ನಿಮ್ಮದು ಯಾವುದೆಂದು ನೋಡಿಕೊಳ್ಳಿ.

ಕಾರ್ಯಕ್ರಮಕ್ಕೇ ಹಣ ಬೇಕೆಂದರೆ ಕರ್ನಾಟಕದ ಕಡೆ ನೋಡಬೇಕು. ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಸಂಘಸಂಸ್ಥೆಗಳ ಧನಸಹಾಯವಿದೆ, ಅರ್ಜಿ ಕರ್ನಾಟಕ ಸರ್ಕಾರದ ಸೇವಾಸಿಂಧು ಜಾಲತಾಣದ ಮೂಲಕ. ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ ಹೊರರಾಜ್ಯದ ಕನ್ನಡಿಗರ ಕಡೆಗೂ ನೋಡುತ್ತದೆ. ಯಕ್ಷಗಾನ ಅಕಾಡೆಮಿ, ತುಳು ಸಾಹಿತ್ಯ ಅಕಾಡೆಮಿಗಳು ದುಡ್ಡು ಕೊಡುವುದಕ್ಕಿಂತ ಸಹಯೋಗದ ಕಾರ್ಯಕ್ರಮಕ್ಕೆ ಬೇಗ ಒಪ್ಪುತ್ತವೆ. ಅವರು ತಂಡ ಕಳಿಸುತ್ತಾರೆ, ನಾವು ಹಾಲ್, ಊಟ, ವಸತಿ ನೋಡಿಕೊಳ್ಳುತ್ತೇವೆ. ಸಣ್ಣ ಸಂಘಕ್ಕೆ ಇದು ಒಳ್ಳೆಯ ಒಪ್ಪಂದ. ಹೆಚ್ಚು ಜನ ಗಮನಿಸದ ಇನ್ನೊಂದು ದಾರಿ ನಾಗಪುರದ ದಕ್ಷಿಣ ಮಧ್ಯ ವಲಯ ಸಾಂಸ್ಕೃತಿಕ ಕೇಂದ್ರ. ಕರ್ನಾಟಕ, ಮಹಾರಾಷ್ಟ್ರ ಎರಡೂ ಇದರ ಸದಸ್ಯ ರಾಜ್ಯಗಳು. ಮಹಾರಾಷ್ಟ್ರದಲ್ಲಿ ಡೊಳ್ಳು ಕುಣಿತ, ವೀರಗಾಸೆ ಆಡಿಸಲು ಇದಕ್ಕಿಂತ ಹೊಂದುವ ಸಂಸ್ಥೆ ಇಲ್ಲ.

ಸರ್ಕಾರಿ ದುಡ್ಡಿಗೆ ತಾಳ್ಮೆ ಬೇಕು. ನೋಂದಣಿ ಪತ್ರ, ಹಿಂದಿನ ವರ್ಷಗಳ ಆಡಿಟ್ ವರದಿ, ಕಾರ್ಯಕ್ರಮದ ಫೋಟೋ, ಪತ್ರಿಕಾ ವರದಿ, ಬಿಲ್ಲುಗಳು ಎಲ್ಲ ಕೇಳುತ್ತಾರೆ. ಹಣ ಬರುವುದು ಬಹುತೇಕ ಕಾರ್ಯಕ್ರಮ ಮುಗಿದ ಮೇಲೆ. ಅನುದಾನ ಬರುತ್ತದೆಂದು ನಂಬಿ ಕ್ಯಾಟರಿಂಗ್‌ನವರಿಗೆ ಮಾತು ಕೊಡಬೇಡಿ.

ಕಂಪನಿಗಳ ಸಿಎಸ್‌ಆರ್, ಅಂದರೆ ಸಾಮಾಜಿಕ ಹೊಣೆಗಾರಿಕೆಯ ಹಣದ ಬಗ್ಗೆಯೂ ತಪ್ಪು ಕಲ್ಪನೆಯಿದೆ. 2013ರ ಕಂಪನಿ ಕಾಯ್ದೆಯ ಪಟ್ಟಿಯಲ್ಲಿ ಸಾಂಪ್ರದಾಯಿಕ ಕಲೆಯ ಉತ್ತೇಜನವೂ ಇದೆ, ಗ್ರಾಮೀಣ ಕ್ರೀಡೆಯ ತರಬೇತಿಯೂ ಇದೆ. ಆದರೆ ಮ್ಯಾರಥಾನ್, ಪ್ರಶಸ್ತಿಯಂಥ ಒಂದು ದಿನದ ಕಾರ್ಯಕ್ರಮ ಲೆಕ್ಕಕ್ಕಿಲ್ಲ ಎಂದು ಕೇಂದ್ರ 2014ರಲ್ಲೇ ಸುತ್ತೋಲೆ ಹೊರಡಿಸಿದೆ. ವರ್ಷವಿಡೀ ಮಕ್ಕಳಿಗೆ ಯಕ್ಷಗಾನ ತರಗತಿ, ಕಬಡ್ಡಿ ತರಬೇತಿ ಎಂದು ಯೋಜನೆ ಬರೆದರೆ ಬಾಗಿಲು ತೆರೆಯಬಹುದು. ವಾರ್ಷಿಕೋತ್ಸವಕ್ಕೆ ತೆರೆಯುವುದಿಲ್ಲ.

ಕೊನೆಗೂ ಮುಂಬೈ ಕನ್ನಡ ಸಂಘಗಳನ್ನು ನಡೆಸುವುದು ಸ್ಮರಣ ಸಂಚಿಕೆಯ ಜಾಹೀರಾತು ಮತ್ತು ಹೋಟೆಲ್ ಉದ್ಯಮಿಗಳ ಕೊಡುಗೆ. ಬೇಗ ಬರುತ್ತದೆ, ಕಾಗದ ಕಡಿಮೆ. ತೊಂದರೆ ಏನೆಂದರೆ ಕೊಡುವ ಕೈಗಳು ಅವೇ ನಾಲ್ಕಾರು, ಕೇಳುವ ಸಂಘಗಳು ನೂರಾರು. ಒಬ್ಬ ದಾನಿಗೆ ಒಂದೇ ವಾರದಲ್ಲಿ ಎಷ್ಟು ಆಮಂತ್ರಣ ಪತ್ರಿಕೆ ಹೋಗುತ್ತವೆ ಅನ್ನುವುದನ್ನು ಯೋಚಿಸಿ. ಸಂಘಕ್ಕೆ 80ಜಿ, ಅಂದರೆ ದಾನಕ್ಕೆ ಆದಾಯ ತೆರಿಗೆ ವಿನಾಯಿತಿಯ ನೋಂದಣಿ, ಇದ್ದರೆ ದಾನಿಗೂ ತೆರಿಗೆಯಲ್ಲಿ ಲಾಭ ಸಿಗಬಹುದು. 2,000 ರೂಪಾಯಿ ಮೀರಿದ ನಗದಿಗೆ ಆ ಲಾಭ ಸಿಗುವುದಿಲ್ಲ, ಚೆಕ್ ಅಥವಾ ಯುಪಿಐ ಕೇಳಿ.

ಮನೆಯ ಮಕ್ಕಳಿಗೆ, ಹಿರಿಯರಿಗೆ

ಸಂಘದ ಗೊಡವೆ ಬಿಟ್ಟು ಮನೆಯವರಿಗಷ್ಟೇ ಆಟ, ಈಜು ಬೇಕೆಂದರೆ ಪಾಲಿಕೆಗೇ ನನ್ನ ಮೊದಲ ಮತ. ದಾದರ್‌ನ ಮಹಾತ್ಮಾ ಗಾಂಧಿ ಈಜುಕೊಳ, ಚೆಂಬೂರು, ಕಾಂದಿವಲಿ, ದಹಿಸರ್ ಮೊದಲಾದ ಕಡೆಯ ಕೊಳಗಳು ಖಾಸಗಿ ಕ್ಲಬ್ಬಿಗೆ ಹೋಲಿಸಿದರೆ ತುಂಬಾ ಅಗ್ಗ. ವಿದ್ಯಾರ್ಥಿಗಳಿಗೆ, ಹಿರಿಯರಿಗೆ, ಅಂಗವಿಕಲರಿಗೆ ರಿಯಾಯಿತಿ ಇದೆ. ನೋಂದಣಿ ಆನ್‌ಲೈನ್, ವೈದ್ಯರ ಪ್ರಮಾಣಪತ್ರ ಬೇಕು. ಬೇಸಿಗೆ ರಜೆಯ ಬ್ಯಾಚುಗಳು ಬೇಗ ತುಂಬುತ್ತವೆ. ಖಾಸಗಿ ಕ್ಲಬ್ಬಿನಲ್ಲಿ ಜನ ಕಡಿಮೆ, ಸ್ವಚ್ಛತೆ ಜಾಸ್ತಿ, ಆದರೆ ಸದಸ್ಯತ್ವದ ದರ ಸಂಬಳದಾರರ ಕೈಗೆಟುಕುವಂಥದ್ದಲ್ಲ. ಸ್ಪರ್ಧೆಗೆ ತಯಾರಾಗುವ ಮಗುವಾದರೆ ಕೊಳಕ್ಕಿಂತ ತರಬೇತುದಾರರನ್ನು ನೋಡಿ ಆರಿಸಿ.

ಕಾರ್ಪೊರೇಟರ್ ಹತ್ತಿರ ಏನು ಕೇಳುವುದು

2022ರ ಮಾರ್ಚ್‌ನಲ್ಲಿ ಅವಧಿ ಮುಗಿದ ಮೇಲೆ ಮುಂಬೈ ಪಾಲಿಕೆಯಲ್ಲಿ ವರ್ಷಗಟ್ಟಲೆ ಚುನಾಯಿತರೇ ಇರಲಿಲ್ಲ, ಆಡಳಿತಾಧಿಕಾರಿಯೇ ಎಲ್ಲ. 2026ರ ಜನವರಿಯಲ್ಲಿ ಚುನಾವಣೆ ನಡೆದು ಈಗ 227 ಚುನಾವಣಾ ವಾರ್ಡ್‌ಗಳಿಗೂ ಕಾರ್ಪೊರೇಟರ್ ಇದ್ದಾರೆ. ಅವರನ್ನು ಮುಖ್ಯ ಅತಿಥಿಯಾಗಿ ಕರೆದು, ಶಾಲು ಹೊದೆಸಿ, ಫೋಟೋ ತೆಗೆಸಿ ಕಳಿಸಿದರೆ ಸಿಗುವುದು ಒಂದು ಭಾಷಣ. ಬದಲಿಗೆ ಒಂದೇ ಪುಟದ ಮನವಿ ಕೊಡಿ, ಮರಾಠಿಯಲ್ಲಿ ಬರೆದಿರಲಿ. ನಗದು ಕೇಳಬೇಡಿ. ಇಂಥ ಮೈದಾನದಲ್ಲಿ ಮಹಿಳೆಯರ ಶೌಚಾಲಯ, ಇಂಥ ಸಮಾಜ ಮಂದಿರದಲ್ಲಿ ಭಾನುವಾರ ಬೆಳಿಗ್ಗೆ ಎರಡು ಗಂಟೆ ಕನ್ನಡ ಕಲಿಕೆಗೆ ಜಾಗ, ಇಂಥ ಉದ್ಯಾನದಲ್ಲಿ ಹಿರಿಯರಿಗೆ ಕಟ್ಟೆ. ಹೆಸರು, ಜಾಗ, ಗೇಟಿನ ಬೋರ್ಡಿನ ಫೋಟೋ ಲಗತ್ತಿಸಿ. ಪಾಲಿಕೆ ಕನ್ನಡ ಮಾಧ್ಯಮದ ಶಾಲೆಗಳನ್ನೂ ನಡೆಸುತ್ತದೆ. ನಿಮ್ಮ ವಾರ್ಡಿನಲ್ಲಿ ಅಂಥದ್ದಿದ್ದರೆ ಅಲ್ಲಿನ ಮಕ್ಕಳ ಕ್ರೀಡೆಯ ಹೆಸರಿನಲ್ಲಿ ಮನವಿ ಬರೆಯಿರಿ. ಸಂಘದ ಹೆಸರಿನಲ್ಲಿ ಹೋದ ಕಾಗದಕ್ಕಿಂತ ಅದು ಬೇಗ ಮುಂದೆ ಹೋಗುತ್ತದೆ. ಅರ್ಜಿ ಕೊಟ್ಟ ದಿನವೇ ಇನ್ವರ್ಡ್ ನಂಬರ್ ಹಾಕಿಸಿಕೊಂಡು ಬನ್ನಿ, ಸಮಿತಿ ಬದಲಾದರೂ ಫೈಲ್ ಹುಡುಕಲು ಅದೊಂದೇ ದಾರಿ.